ಲೋಕದ ರಾಜ್ಯಗಳ ಕೂಟವೂ ನಮ್ಮ ತೊಗರಿಯ ಹೊಲವೂ



ಹುಮನಾಬಾದಿನ ಹತ್ತಿರದ ಒಂದು ಹಳ್ಳಿಯಲ್ಲಿ ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಕೂತುಕೊಂಡಿದ್ದಾಗ ಒಬ್ಬ ಹಿರಿಯರು ನಮ್ಮನ್ನು ಹೀಗೆ ಕೇಳಿದರು: "ಅಯ್ಯನವರೇ, ಹವೆ ಕೆಟ್ಟಿತೆಂದು ಲೋಕದ ರಾಜ್ಯಗಳವರೆಲ್ಲರೂ ಪ್ರತಿ ವರುಷ ಒಂದು ಕಡೆ ಕೂಡಿ ಮಾತಾಡುತ್ತಾರಂತೆ. ಮೂವತ್ತು ವರುಷದಿಂದ ಮಾತಾಡಿದರಂತೆ. ಹಾಗಾದರೆ ನಮ್ಮ ಹೊಲಕ್ಕೆ ಮಳೆ ಹೊತ್ತಿಗೆ ಸರಿಯಾಗಿ ಯಾಕೆ ಬರಲೊಲ್ಲದು?" ಸುತ್ತಲಿದ್ದವರು ನಕ್ಕರು. ಆದರೆ ಪ್ರಶ್ನೆಯು ನಗೆಯದ್ದಲ್ಲ. ಅದಕ್ಕೆ ಆ ದಿನ ನಮ್ಮ ಬಾಯಲ್ಲಿ ಸಿದ್ಧವಾದ ಉತ್ತರವೂ ಇರಲಿಲ್ಲ. ಈ ಪಾಠವನ್ನು ಆ ಹಿರಿಯರಿಗೆ ಉತ್ತರವಾಗಿ ಬರೆಯುತ್ತೇವೆ.

ಮೊದಲು ಹವೆಗೆ ಏನಾಯಿತೆಂಬದನ್ನು ಅರಿಯಬೇಕು. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಇವು ಕೋಟ್ಯಂತರ ವರುಷಗಳ ಹಿಂದೆ ನೆಲದೊಳಗೆ ಹೂತುಹೋದ ಗಿಡಮರಗಳ ಮತ್ತು ಜೀವಜಂತುಗಳ ಶೇಷವಾಗಿವೆ. ಇವನ್ನು ತೆಗೆದು ಸುಟ್ಟಾಗ ಇಂಗಾಲಾಮ್ಲ ವಾಯು ಹುಟ್ಟುತ್ತದೆ; ಶಾಲೆಯ ಹುಡುಗರು ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಅನ್ನುತ್ತಾರೆ. ಇದು ಭೂಮಿಗೆ ಹೊದಿಸಿದ ಕಂಬಳಿಯ ಹಾಗಿದೆ. ಬಿಸಿಲು ಒಳಗೆ ಬರುವದಕ್ಕೆ ಅದು ಅಡ್ಡಿಮಾಡುವದಿಲ್ಲ; ನೆಲದ ಕಾವು ಹೊರಗೆ ಹೋಗುವದಕ್ಕೆ ಮಾತ್ರ ಅಡ್ಡಿಮಾಡುತ್ತದೆ. ಕಂಬಳಿಯು ತೆಳ್ಳಗಾದರೂ ಇರಲೇಬೇಕು, ಇಲ್ಲದಿದ್ದರೆ ಭೂಮಿಯು ಹೆಪ್ಪುಗಟ್ಟಿ ಹೋಗುತ್ತಿತ್ತು. ಆದರೆ ಕಾರ್ಖಾನೆಗಳ ಕಾಲಕ್ಕೆ ಮುಂಚೆ ಹವೆಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಈ ವಾಯು ಈಗ 420 ಪಾಲನ್ನು ಮೀರಿದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಮಾತೆಂದು ಯಾರೂ ತಿಳಿಯಬಾರದು. 1896ರಲ್ಲಿಯೇ ಸ್ವೀಡನ್ ದೇಶದ ಸ್ವಾಂಟೆ ಅರೇನಿಯಸ್ ಎಂಬ ಪಂಡಿತನು, ಈ ವಾಯು ಹೆಚ್ಚಿದರೆ ಭೂಮಿಯ ಕಾವು ಎಷ್ಟು ಹೆಚ್ಚುವದೆಂದು ಕೈಯಿಂದ ಲೆಕ್ಕ ಹಾಕಿದ್ದನು. 2024ನೇ ವರುಷದಲ್ಲಿ ಭೂಮಿಯ ಸರಾಸರಿ ಕಾವು ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದಕ್ಕಿಂತ ಒಂದೂವರೆ ಡಿಗ್ರಿಗೂ ತುಸು ಮೇಲೆ ಹೋಯಿತು.

ಒಂದೂವರೆ ಡಿಗ್ರಿ ಎಂದರೆ ಏನು ಮಹಾ, ನಮ್ಮ ಕಡೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿ ಅಂತರವಿರುತ್ತದಲ್ಲಾ ಎಂದು ಕೆಲವರು ಅನ್ನುವರು. ಆದರೆ ಮನುಷ್ಯನ ಮೈಯ ಕಾವು ಒಂದೂವರೆ ಡಿಗ್ರಿ ಏರಿದರೆ ಅದಕ್ಕೆ ಜ್ವರ ಅನ್ನುತ್ತೇವೆ. ಭೂಮಿಯ ಸರಾಸರಿಯೂ ಹಾಗೆಯೇ. ಇದಲ್ಲದೆ ಹವೆಯು ಒಂದು ಡಿಗ್ರಿ ಕಾದರೆ ಅದು ನೂರಕ್ಕೆ ಸುಮಾರು ಏಳು ಪಾಲು ಹೆಚ್ಚು ತೇವವನ್ನು ಹೊರಬಲ್ಲದು. ಆದದರಿಂದ ಮಳೆಯು ತಡೆದಾಗ ನೆಲದ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಸುರಿದಾಗ ಒಂದೇ ರಾತ್ರಿಯಲ್ಲಿ ವಾರದ ಮಳೆಯನ್ನು ಸುರಿಸುತ್ತದೆ. ವರುಷದ ಒಟ್ಟು ಮಳೆಯ ಅಂಕಿಯನ್ನು ನೋಡಿದರೆ ಸರಿಯೇ ಇದೆ ಎಂದು ಕಾಣುವದು. ಹೊಲವನ್ನು ನೋಡಿದರೆ ಸರಿಯಿಲ್ಲ. ನಮ್ಮ ತೊಗರಿಯು ಮುಂಗಾರಿಯಲ್ಲಿ ಬಿತ್ತಿದ್ದು ಡಿಸೆಂಬರು ಜನವರಿಯಲ್ಲಿ ರಾಶಿಗೆ ಬರುವ ಬೆಳೆ. ಎರೆಭೂಮಿಯಲ್ಲಿ ನೀರು ನಿಂತರೆ ಬೇರಿಗೆ ರೋಗ ಹತ್ತುತ್ತದೆ. ಹೂವಿನ ಹೊತ್ತಿನಲ್ಲಿ ಮೋಡ ಕವಿದು ಮಂಜು ಬಿದ್ದರೆ ಹೂವು ಉದುರಿ ಕಾಯಿಕೊರಕ ಹುಳವು ಸೇರುತ್ತದೆ. 2022ರ ಅತಿವೃಷ್ಟಿಯ ತರುವಾಯ ಕಲಬುರಗಿ, ಬೀದರ ಸೀಮೆಗಳಲ್ಲಿ ನಿಂತ ತೊಗರಿಯು ನೆಟೆರೋಗದಿಂದ ಒಣಗಿದ್ದನ್ನು ನೀವೆಲ್ಲರೂ ಕಂಡಿದ್ದೀರಿ. ಅದೇ ಮರುವರುಷ, ಅಂದರೆ 2023ರಲ್ಲಿ, ಮಳೆ ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಒಂದು ವರುಷ ನೀರು ಹೆಚ್ಚಾಗಿ, ಮರುವರುಷ ನೀರಿಲ್ಲದೆ.

ನಮ್ಮ ಹೊಲದ ಮಳೆಗೂ ದೂರದ ದೇಶಗಳಿಗೂ ಸಂಬಂಧವುಂಟೆಂಬದು ತಿಳಿದದ್ದು ಬರಗಾಲದ ದೆಸೆಯಿಂದಲೇ. 1876ರಿಂದ 1878ರ ವರೆಗೆ ದಖ್ಖಣದಲ್ಲಿ ಬಿದ್ದ ಬರವು ಲಕ್ಷಾಂತರ ಜನರನ್ನು ತಿಂದಿತು. 1899ರಲ್ಲಿ ಮತ್ತೆ ಮಳೆ ತಪ್ಪಿತು. ಆಗ ಹಿಂದುಸ್ಥಾನದ ಹವಾಮಾನ ಇಲಾಖೆಯಲ್ಲಿ ಮಳೆಯ ಗುಟ್ಟನ್ನು ಹುಡುಕುವ ಕೆಲಸವು ಬಲವಾಯಿತು. 1904ರಲ್ಲಿ ಆ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರನು ಲೋಕದ ನಾನಾ ಊರುಗಳಿಂದ ಮಳೆ, ಕಾವು, ಗಾಳಿಯ ಒತ್ತಡಗಳ ಅಂಕಿಗಳನ್ನು ತರಿಸಿ ಹೋಲಿಸಿ ನೋಡಲಾಗಿ, ಶಾಂತ ಮಹಾಸಾಗರದ ಆಚೆ ಈಚೆ ಗಾಳಿಯ ಒತ್ತಡವು ತಕ್ಕಡಿಯ ಹಾಗೆ ತೂಗುತ್ತದೆಂದೂ ನಮ್ಮ ಮುಂಗಾರು ಆ ತೂಗಾಟಕ್ಕೆ ಕಟ್ಟುಬಿದ್ದಿದೆಯೆಂದೂ ಕಂಡುಕೊಂಡನು. ಪೆರು ದೇಶದ ಬೆಸ್ತರು ಆ ಸಾಗರದ ನೀರು ಕ್ರಿಸ್ಮಸ್ ಹಬ್ಬದ ಸಮಯದಲ್ಲಿ ಕಾಯುವದನ್ನು ಕಂಡು, ಅದಕ್ಕೆ ಬಾಲಯೇಸುವಿನ ಹೆಸರನ್ನಿಟ್ಟು ಎಲ್ ನಿನೋ ಎಂದು ಕರೆದಿದ್ದರು. ಇಷ್ಟು ಮುದ್ದಾದ ಹೆಸರುಳ್ಳದ್ದು ನಮಗೆ ಬರವನ್ನು ತರುವದು ವಿಚಿತ್ರವೇ ಸರಿ. 1972, 2015, 2023 ಇವೆಲ್ಲವೂ ಎಲ್ ನಿನೋ ವರುಷಗಳು. ಒಂದು ದೇಶದವರು ತಮ್ಮ ಅಂಕಿಗಳನ್ನು ಬಚ್ಚಿಟ್ಟುಕೊಂಡಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ರಾಜ್ಯಗಳು ಹವೆಯ ವಿಷಯದಲ್ಲಿ ಕೂಡಿ ಕೆಲಸ ಮಾಡುವದಕ್ಕೆ ಆರಂಭವಾದದ್ದು ಹೀಗೆ. 1873ರಲ್ಲಿ ವಿಯೆನ್ನಾ ಪಟ್ಟಣದಲ್ಲಿ ಹವಾಮಾನ ಪಂಡಿತರ ಮೊದಲನೇ ಲೋಕಕೂಟವು ಸೇರಿತ್ತು.

1972ನೇ ವರುಷದ ಕುರಿತು ಸ್ವಲ್ಪ ನಿಂತು ಹೇಳಬೇಕು. ಆ ಬರವನ್ನು ಕಂಡ ಮುದುಕರು ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅದೇ ವರುಷದ ಜೂನ್ ತಿಂಗಳಲ್ಲಿ, ನಮ್ಮವರು ರೋಹಿಣಿ ಮೃಗಶಿರಾ ಮಳೆಗಳಿಗಾಗಿ ಆಕಾಶವನ್ನು ನೋಡುತ್ತಿದ್ದ ಹೊತ್ತಿನಲ್ಲಿ, ಸ್ವೀಡನಿನ ಸ್ಟಾಕ್‌ಹೋಮ್ ಪಟ್ಟಣದಲ್ಲಿ ವಿಶ್ವಸಂಸ್ಥೆಯು ಭೂಮಿಯ ಪರಿಸರದ ವಿಷಯವಾಗಿ ಮೊದಲನೇ ದೊಡ್ಡ ಕೂಟವನ್ನು ಕೂಡಿಸಿತು. ಅತಿಥೇಯ ದೇಶದ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ತಾನಾಗಿ ಹೋದ ಪ್ರಧಾನಿಯು ನಮ್ಮ ಇಂದಿರಾ ಗಾಂಧಿಯವರೊಬ್ಬರೇ. ಹಳ್ಳಿಯಲ್ಲಿಯೂ ಕೊಳಚೆ ಕೇರಿಯಲ್ಲಿಯೂ ಇರುವವರ ಬದುಕೇ ಮಲಿನವಾಗಿರುವಾಗ ಸಾಗರವನ್ನೂ ನದಿಯನ್ನೂ ಶುದ್ಧವಾಗಿಡಿರೆಂದು ಅವರಿಗೆ ಹೇಳುವದು ಹೇಗೆ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಮುಂದಿನ ಐವತ್ತು ವರುಷಗಳ ಜಗಳವೆಲ್ಲ ಆ ಒಂದು ಮಾತಿನಲ್ಲಿತ್ತು. ಅದೇ 1972ರಲ್ಲಿ ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಪಟಾನ್‌ಚೆರುವಿನಲ್ಲಿ ಇನ್ನೊಂದು ಸಂಸ್ಥೆಯು ಹುಟ್ಟಿತು. ಅದರ ಮಾತನ್ನು ಮುಂದೆ ಹೇಳುತ್ತೇವೆ.

ತರುವಾಯ 1988ರಲ್ಲಿ ಹವೆಯ ಬದಲಾವಣೆಯನ್ನು ಪರೀಕ್ಷಿಸಿ ವರದಿ ಕೊಡುವದಕ್ಕೆ ನಾನಾ ದೇಶಗಳ ಪಂಡಿತರ ಮಂಡಲಿಯು ಏರ್ಪಟ್ಟಿತು. 1992ರಲ್ಲಿ ಬ್ರೆಜಿಲಿನ ರಿಯೋ ಪಟ್ಟಣದಲ್ಲಿ ರಾಜ್ಯಗಳು ಹವೆಯ ಒಡಂಬಡಿಕೆಗೆ ರುಜು ಹಾಕಿದವು. ಅದರ ಪ್ರಕಾರ 1995ರಲ್ಲಿ ಬರ್ಲಿನಿನಲ್ಲಿ ಮೊದಲನೇ ವಾರ್ಷಿಕ ಕೂಟವು ಸೇರಿತು. 2002ರ ಎಂಟನೆಯದು ನಮ್ಮ ದಿಲ್ಲಿಯಲ್ಲಿಯೇ ಕೂಡಿತ್ತು. ಮೂವತ್ತನೆಯದು 2025ರ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಮ್ ಪಟ್ಟಣದಲ್ಲಿ ನಡೆಯಿತು.

ರಿಯೋದ ಒಡಂಬಡಿಕೆಯ ತಿರುಳು ಯಾವದೆಂದರೆ, ಹೊಣೆಯು ಎಲ್ಲರದು, ಆದರೆ ಎಲ್ಲರಿಗೂ ಸಮವಲ್ಲ ಎಂಬದೇ. ಇದನ್ನು ನಮ್ಮ ಊರಿನ ಗಾಯರಾಣದ ದೃಷ್ಟಾಂತದಿಂದ ತಿಳಿಯಬಹುದು. ಒಂದೂರಿನ ಗಾಯರಾಣದಲ್ಲಿ ಒಂದೆರಡು ದೊಡ್ಡ ಮನೆಯವರು ಅಜ್ಜನ ಕಾಲದಿಂದಲೂ ನಲವತ್ತು ನಲವತ್ತು ಎಮ್ಮೆಗಳನ್ನು ಮೇಯಿಸಿ, ಹಾಲು ಮಾರಿ ಮಾಳಿಗೆ ಕಟ್ಟಿಸಿದರು. ಹುಲ್ಲು ಬೇರಿನ ತನಕ ಸವೆದ ಮೇಲೆ ಊರವರು ಚಾವಡಿಯಲ್ಲಿ ಕೂಡಿದರು. ಆಗ ದೊಡ್ಡ ಮನೆಯವರು, "ಇಂದಿನಿಂದ ಎಲ್ಲರೂ ಸಮವಾಗಿ ಕಡಿಮೆ ಮಾಡೋಣ" ಅಂದರು. ನಿನ್ನೆ ತಾನೇ ಒಂದು ಮೇಕೆಯನ್ನು ಕೊಂಡ ಕೂಲಿಯವನು ಇದಕ್ಕೆ ಏನನ್ನುವನು? ಆಕಾಶವು ಲೋಕದ ಗಾಯರಾಣವಾಗಿದೆ. ಇದುವರೆಗೆ ಅಲ್ಲಿಗೆ ಏರಿದ ಹೊಗೆಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಅಮೇರಿಕ ಒಂದರದೇ. ಇಷ್ಟು ಜನರುಳ್ಳ ಭಾರತದ್ದು ನೂರರಲ್ಲಿ ಸುಮಾರು ನಾಲ್ಕು ಪಾಲು. ಇಂದಿಗೂ ಅಮೇರಿಕದ ಒಬ್ಬನ ಲೆಕ್ಕಕ್ಕೆ ವರುಷಕ್ಕೆ ಸುಮಾರು 14 ಟನ್ನು ಇಂಗಾಲಾಮ್ಲ ವಾಯು ಬೀಳುತ್ತದೆ. ಭಾರತದ ಒಬ್ಬನ ಲೆಕ್ಕಕ್ಕೆ ಸುಮಾರು 2 ಟನ್ನು. ಅದರಲ್ಲಿಯೂ ಬೆಂಗಳೂರಿನ ಕಾರಿನವನ ಪಾಲೆಷ್ಟು, ಬಸವಕಲ್ಯಾಣದ ಹೊಲದಲ್ಲಿ ಕಳೆ ತೆಗೆಯುವ ತಾಯಿಯ ಪಾಲೆಷ್ಟು ಎಂಬದನ್ನು ನೀವೇ ಊಹಿಸಿಕೊಳ್ಳಿರಿ. ಹೀಗಿದ್ದರೂ ಕೂಲಿಯವನ ಮಕ್ಕಳು ಹತ್ತಾರು ಮೇಕೆಗಳನ್ನು ಕಟ್ಟಿದ ಮೇಲೆ ಅವರೂ ಲೆಕ್ಕಕ್ಕೆ ಬರಲೇಬೇಕು. ಈಗ ವರುಷ ವರುಷದ ಹೊಗೆಯಲ್ಲಿ ಚೀನವು ಮೊದಲನೆಯದು, ಅಮೇರಿಕವು ಎರಡನೆಯದು, ಭಾರತವು ಮೂರನೆಯದು. ಈ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಹೇಳುವವನನ್ನು ನಂಬಬೇಡಿರಿ.

ಕೂಟದಲ್ಲಿ ನಿರ್ಣಯಗಳಾಗುವ ರೀತಿಯು ವಿಚಿತ್ರವಾಗಿದೆ. ಸುಮಾರು ಇನ್ನೂರು ರಾಜ್ಯಗಳು ಕೂಡುತ್ತವೆ. ಕೈಯೆತ್ತಿ ಎಣಿಸುವ ಪದ್ಧತಿಯಿಲ್ಲ, ಎಲ್ಲರೂ ಒಪ್ಪಬೇಕು. ಹನ್ನೆರಡನೇ ಶತಮಾನದ ಅನುಭವ ಮಂಟಪದ ಊರಾದ ಕಲ್ಯಾಣದವರಿಗೆ ನಾನಾ ಕಸುಬಿನವರು ಒಂದೇ ಚಾವಡಿಯಲ್ಲಿ ಕೂತು ವಾದಿಸುವದು ಹೊಸ ಸಂಗತಿಯಲ್ಲ. ಇಲ್ಲಿಯೂ ಸಮುದ್ರವು ನುಂಗುತ್ತಿರುವ ಸಣ್ಣ ದ್ವೀಪದವನಿಗೂ ಎಣ್ಣೆಬಾವಿಗಳ ಅರಸನಿಗೂ ಒಂದೇ ಎತ್ತರದ ಕುರ್ಚಿ. ಆದರೆ ಅಡ್ಡಿಮಾಡುವ ಹಕ್ಕೂ ಇಬ್ಬರಿಗೂ ಒಂದೇ. ಅದರಿಂದ ಒಂದು ಶಬ್ದಕ್ಕಾಗಿ ರಾತ್ರಿಯೆಲ್ಲ ಕಳೆಯುತ್ತದೆ. 2021ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಕಲ್ಲಿದ್ದಲನ್ನು ಕ್ರಮವಾಗಿ ನಿಲ್ಲಿಸುವದೆಂದು ಬರೆದಿದ್ದನ್ನು, ಭಾರತ ಮತ್ತು ಚೀನಗಳ ಹಟದಿಂದ ಕಡೇ ಗಳಿಗೆಯಲ್ಲಿ ಕ್ರಮವಾಗಿ ತಗ್ಗಿಸುವದೆಂದು ತಿದ್ದಲಾಯಿತು. ಕೂಟದ ಅಧ್ಯಕ್ಷನು ಎಲ್ಲರೆದುರಿಗೆ ಕಣ್ಣೀರಿಟ್ಟು ಕ್ಷಮೆ ಕೇಳಿದನು. ನಮ್ಮ ದೇಶದವರು ಹಾಗೆ ಮಾಡಿದ್ದು ತಪ್ಪೋ? ನಮ್ಮ ಮನೆಗಳ ದೀಪಕ್ಕೆ ಬರುವ ವಿದ್ಯುತ್ತಿನಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ್ದೂ ಸೇರಿದೆ. ಅದನ್ನು ನಾಳೆಯೇ ಆರಿಸಿರಿ ಎಂದು ಹೇಳುವದು ನಮ್ಮಿಂದಾಗದು. ಆದರೂ ಎಣ್ಣೆಯನ್ನೂ ಅನಿಲವನ್ನೂ ಸುಡುವ ಸಿರಿವಂತ ದೇಶಗಳ ಹೆಸರೆತ್ತದೆ ಕಲ್ಲಿದ್ದಲನ್ನು ಮಾತ್ರ ಹಿಡಿದದ್ದು ನ್ಯಾಯವಲ್ಲ ಎಂಬ ಮಾತು ಎಷ್ಟು ನಿಜವೋ, ಆ ಶಬ್ದದ ತಿದ್ದುಪಡಿಯಿಂದ ನಮ್ಮ ತೊಗರಿಗೆ ಒಳ್ಳೇದಾಗಲಿಲ್ಲ ಎಂಬದೂ ಅಷ್ಟೇ ನಿಜವೆಂದು ನಾವು ಎಣಿಸುತ್ತೇವೆ. ಎರಡು ವರುಷಗಳ ಮೇಲೆ ದುಬೈಯಲ್ಲಿ ಕಲ್ಲಿದ್ದಲು, ಎಣ್ಣೆ, ಅನಿಲ ಈ ಮೂರರಿಂದಲೂ ದೂರ ಸರಿಯಬೇಕೆಂಬ ಮಾತು ಮೊದಲನೇ ಸಾರಿ ಕಾಗದದ ಮೇಲೆ ಬಂತು. ಬೆಲೆಮಿನಲ್ಲಿ ಅದಕ್ಕೆ ದಾರಿಯ ನಕ್ಷೆಯನ್ನು ಬರೆಯೋಣವೆಂದು ಅನೇಕರು ಬೇಡಿಕೊಂಡರೂ ಕಡೇ ಪತ್ರದಲ್ಲಿ ಅದು ಸೇರಲಿಲ್ಲ.

ಒಡಂಬಡಿಕೆಗಳಲ್ಲಿ ಎರಡು ಬಗೆ ನಡೆದು ನೋಡಿದವು. 1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸಿರಿವಂತ ದೇಶಗಳಿಗೆ ಮಾತ್ರ ಇಂತಿಷ್ಟು ತಗ್ಗಿಸಬೇಕೆಂದು ಕಟ್ಟುಹಾಕಿದರು. ಅಮೇರಿಕವು ಅದಕ್ಕೆ ಒಳಪಡಲೇ ಇಲ್ಲ. 2015ರ ಡಿಸೆಂಬರ್ 12ರಂದು ಪ್ಯಾರಿಸಿನಲ್ಲಿ ಬೇರೆ ಉಪಾಯವನ್ನು ಹಿಡಿದರು. ಕಾವಿನ ಏರಿಕೆಯು ಎರಡು ಡಿಗ್ರಿಗೆ ಬಹಳ ಕೆಳಗಿರಬೇಕು, ಆದಷ್ಟು ಮಟ್ಟಿಗೆ ಒಂದೂವರೆಯಲ್ಲಿ ನಿಲ್ಲಬೇಕು. ಅದಕ್ಕಾಗಿ ಪ್ರತಿಯೊಂದು ದೇಶವು ತನ್ನ ಪ್ರತಿಜ್ಞೆಯನ್ನು ತಾನೇ ಬರೆದುಕೊಟ್ಟು ಐದು ವರುಷಕ್ಕೊಮ್ಮೆ ಹೆಚ್ಚಿಸಬೇಕು. ಮಾತು ತಪ್ಪಿದರೆ ದಂಡವಿಲ್ಲ, ಜಪ್ತಿಗೆ ಬರುವ ಅಮೀನನಿಲ್ಲ. ಅಮೇರಿಕವು 2020ರಲ್ಲಿ ಹೊರಗೆ ಹೋಗಿ 2021ರಲ್ಲಿ ತಿರಿಗಿ ಬಂದು 2025ರ ಜನವರಿಯಲ್ಲಿ ಮತ್ತೆ ಹೊರಡುವದಾಗಿ ಆಜ್ಞೆ ಹೊರಡಿಸಿತು. ಇಂಥ ಒಡಂಬಡಿಕೆಯು ಯಾತಕ್ಕೆ ಬರುತ್ತದೆ ಅನ್ನುವಿರಾ? ನಮ್ಮ ದೇಶವು 2030ರೊಳಗೆ ವಿದ್ಯುತ್ತಿನ ಕಾರಖಾನೆಗಳ ಸಾಮರ್ಥ್ಯದಲ್ಲಿ ಅರ್ಧವನ್ನು ಕಲ್ಲಿದ್ದಲು ಎಣ್ಣೆಗಳಿಲ್ಲದ ಮೂಲಗಳಿಂದ ಮಾಡುವೆನೆಂದು ಬರೆದುಕೊಟ್ಟಿತ್ತು. 2025ರಲ್ಲಿಯೇ ಆ ಗುರುತನ್ನು ಮುಟ್ಟಿತು. ನಿಜವಾಗಿ ಹರಿಯುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ, ಯಾಕಂದರೆ ಸೂರ್ಯನು ರಾತ್ರಿ ಇರುವದಿಲ್ಲ. ಆದರೂ ಮಾತು ಬರೆದು ಕೊಟ್ಟದ್ದರಿಂದ ಕೆಲಸ ಬೇಗ ನಡೆಯಿತೆಂಬದರಲ್ಲಿ ಸಂಶಯವಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರವಿದ್ಯುತ್ತಿನ ಬಯಲು ಎದ್ದಿದೆ; ರೈತರ ಸುಮಾರು 13,000 ಎಕರೆ ಭೂಮಿಯನ್ನು ಮಾರಾಟಕ್ಕೆ ಅಲ್ಲ, ಗೇಣಿಗೆ ತೆಗೆದುಕೊಂಡಿದ್ದಾರೆ. ಹೊಲವುಳ್ಳವನಿಗೆ ಮಳೆ ಬರಲಿ ಬಾರದಿರಲಿ ಹಣ ಬರುತ್ತದೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಗೇಣಿಯ ಪಾಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿರಿ.

ಇನ್ನು ಹಣದ ವಿಷಯ. 2009ರಲ್ಲಿ ಕೋಪನ್‌ಹೇಗನ್ ಪಟ್ಟಣದಲ್ಲಿ ಸಿರಿವಂತ ದೇಶಗಳು 2020ರ ಹೊತ್ತಿಗೆ ಬಡ ದೇಶಗಳಿಗೆ ವರುಷಕ್ಕೆ 10,000 ಕೋಟಿ ಡಾಲರು ಒದಗಿಸುವೆವೆಂದು ಹೇಳಿದವು. ಅವರದೇ ಲೆಕ್ಕದ ಪ್ರಕಾರ ಆ ಮೊತ್ತವು ತುಂಬಿದ್ದು 2022ರಲ್ಲಿ. ಅದರಲ್ಲಿಯೂ ಬಹುಪಾಲು ಸಾಲ. 2024ರಲ್ಲಿ ಬಾಕು ಪಟ್ಟಣದಲ್ಲಿ 2035ರ ಹೊತ್ತಿಗೆ ವರುಷಕ್ಕೆ 30,000 ಕೋಟಿ ಡಾಲರೆಂದು ಗೊತ್ತುಮಾಡಿದಾಗ ಭಾರತದ ಪ್ರತಿನಿಧಿಯು ಎದ್ದು ಇದು ಸಾಲದೆಂದು ಎಲ್ಲರೆದುರಿಗೆ ಹೇಳಿದರು. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖಿನಲ್ಲಿ ಮಾತ್ರ ಒಂದು ಹೊಸ ಸಂಗತಿ ನಡೆಯಿತು: ಹವೆಯ ಕೆಡುಕಿನಿಂದ ಈಗಾಗಲೇ ನಷ್ಟಪಟ್ಟವರಿಗಾಗಿ ಒಂದು ಪ್ರತ್ಯೇಕ ನಿಧಿಯನ್ನು ಒಪ್ಪಿಕೊಂಡರು. ಮರುವರುಷ ದುಬೈಯಲ್ಲಿ ಅದಕ್ಕೆ ಸುಮಾರು 70 ಕೋಟಿ ಡಾಲರಿನ ವಾಗ್ದಾನವಾಯಿತು. ಲೋಕದ ನಷ್ಟಕ್ಕೆ ಹೋಲಿಸಿದರೆ ಇದು ಬಾಯಾರಿದ ಎತ್ತಿನ ಮುಂದೆ ಇಟ್ಟ ತಂಬಿಗೆ ನೀರು.

ಈ ಹಣಕ್ಕೆ ಯಾವ ಹೆಸರಿಡಬೇಕು? ನಮ್ಮ ಸಭೆಗಳಲ್ಲಿ ಹಿಂದಿನ ಬರಗಾಲಗಳ ನೆನಪುಂಟು. ಪರದೇಶದಿಂದ ಬಂದ ಕಾಳನ್ನೂ ಹಾಲಿನ ಪುಡಿಯನ್ನೂ ಕೈಯೊಡ್ಡಿ ತೆಗೆದುಕೊಂಡವರ ಮಕ್ಕಳು ನಾವು. ಕಾಳಿಗಾಗಿ ಮತಕ್ಕೆ ಸೇರಿದವರೆಂಬ ನಿಂದೆಯನ್ನು ಇಂದಿನ ವರೆಗೂ ಹೊತ್ತಿದ್ದೇವೆ. ಆದದರಿಂದ ದಾನ ಯಾವದು, ಬಾಕಿ ಯಾವದು ಎಂಬ ಭೇದವು ನಮಗೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು. ನೆರೆಯವನ ಎಮ್ಮೆಯು ನಮ್ಮ ಪೈರನ್ನು ಮೇದರೆ ಅವನು ಕೊಡುವದು ದಾನವಲ್ಲ. ಅದನ್ನು ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಾಗಿಲ್ಲ, ಹೊಗಳಬೇಕಾಗಿಯೂ ಇಲ್ಲ. ಸಿರಿವಂತ ದೇಶಗಳು ಈ ನಿಧಿಗೆ ಒಪ್ಪುವಾಗ, ಇದು ಹೊಣೆಗಾರಿಕೆಯೂ ಅಲ್ಲ ನಷ್ಟಪರಿಹಾರವೂ ಅಲ್ಲ ಎಂದು ಬಹಳ ಎಚ್ಚರಿಕೆಯಿಂದ ಬರೆಯಿಸಿಕೊಂಡರು. ಅಷ್ಟು ಎಚ್ಚರಿಕೆ ಯಾಕೆ ಬೇಕಾಯಿತೆಂಬದನ್ನು ಯೋಚಿಸಿರಿ.

ಇಲ್ಲಿ ನಮ್ಮವರಲ್ಲಿಯೇ ಇರುವ ಒಂದು ತಪ್ಪನ್ನು ಹೇಳದೆ ಹೋಗಲಾರೆವು. ಬರ ಬಿದ್ದಾಗ ಇದು ಈ ಊರಿನವರ ಪಾಪದ ಫಲವೆಂದು ಪ್ರಸಂಗ ಮಾಡುವವರಿದ್ದಾರೆ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವನು ಯಾರೆಂದು ಶಿಷ್ಯರು ಕೇಳಿದಾಗ ಅವರಿಗೆ ದೊರೆತ ಉತ್ತರವನ್ನು ಅಂಥವರು ಮತ್ತೊಮ್ಮೆ ಓದಲಿ. ಎಮ್ಮೆ ಮೇಯಿಸದವನಿಗೆ ಹುಲ್ಲು ಸವೆದ ಅಪರಾಧವನ್ನು ಹೊರಿಸುವದು ನೊಂದವನ ಮೇಲೆ ಇನ್ನೊಂದು ಹೊರೆ.

ಹಾಗಾದರೆ ಈ ಕೂಟಗಳಿಂದ ಹಳ್ಳಿಗೆ ಬಂದದ್ದು ಏನೂ ಇಲ್ಲವೋ? ಕೂಡಿ ಮಾಡಿದ ಕೆಲಸವು ಫಲಿಸಿದ್ದುಂಟು. 1987ರಲ್ಲಿ ಮಾಂಟ್ರಿಯಲ್ ಪಟ್ಟಣದಲ್ಲಿ, ಆಕಾಶದ ಓಜೋನ್ ಪದರವನ್ನು ತಿನ್ನುತ್ತಿದ್ದ ಅನಿಲಗಳನ್ನು ನಿಲ್ಲಿಸುವದಕ್ಕೆ ಒಪ್ಪಂದವಾಯಿತು. ಕ್ರಮೇಣ ಲೋಕದ ಎಲ್ಲಾ ರಾಜ್ಯಗಳೂ ಅದಕ್ಕೆ ಸೇರಿದವು, ಆ ಪದರವು ಈಗ ತಿರಿಗಿ ಕೂಡಿಕೊಳ್ಳುತ್ತಿದೆ. ನಮಗೆ ಹತ್ತಿರದ ಸಾಕ್ಷಿಯು ಮೇಲೆ ಹೇಳಿದ ಪಟಾನ್‌ಚೆರುವಿನದು. 1972ರಲ್ಲಿ ನಾನಾ ದೇಶಗಳ ಹಣದಿಂದ ಅಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಸಂಸ್ಥೆಯು ಒಣಭೂಮಿಯ ಬೆಳೆಗಳಾದ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇವುಗಳ ಮೇಲೆ ಕೆಲಸ ಮಾಡುತ್ತದೆ. ಅದರ ಬೀಜಭಂಡಾರದಲ್ಲಿ ಹಲವು ದೇಶಗಳ 13,000ಕ್ಕೂ ಹೆಚ್ಚು ಬಗೆಯ ತೊಗರಿಯ ಬೀಜಗಳಿವೆ. ನೆಟೆರೋಗವನ್ನು ತಡೆಯುವ ಮಾರುತಿ ಎಂಬ ತೊಗರಿಯು ಅಲ್ಲಿ ಆರಿಸಿದ್ದು. 1986ರಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಗಿ ನಮ್ಮ ಸೀಮೆಯಲ್ಲೆಲ್ಲ ಹರಡಿತು. ಅದೇ ಹೆದ್ದಾರಿಯ ಜಹೀರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ ದಲಿತ ಸ್ತ್ರೀಯರ ಸಂಘಗಳು ಹಳೇ ಸಿರಿಧಾನ್ಯಗಳ ಬೀಜವನ್ನು ಬುಟ್ಟಿಗಳಲ್ಲಿ ಬೂದಿ ಬೇವಿನೆಲೆ ಹಾಕಿ ಕಾಪಾಡಿ, ಒಂದೇ ಹೊಲದಲ್ಲಿ ಹತ್ತಾರು ಬೆಳೆಗಳನ್ನು ಬಿತ್ತುತ್ತಾರೆ. ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ಅವರ ಜೊತೆಗಿರುವ ದಖ್ಖಣ ಅಭಿವೃದ್ಧಿ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಈಕ್ವೇಟರ್ ಬಹುಮಾನವು ದೊರೆಯಿತು. ಓದುಬರಹ ತಿಳಿಯದ ಆ ತಾಯಂದಿರಿಂದ ನಾವು ಕಲಿಯುವದು ಬಹಳವುಂಟು. ನಮ್ಮಲ್ಲಿ ಎಷ್ಟು ಮಂದಿ ಈಗ ಸೋಯಾ ಒಂದನ್ನೇ ನಂಬಿ ಮನೆಬೀಜವನ್ನು ಕಳಕೊಂಡಿದ್ದೇವೆ!

ಮಳೆಯ ಮುನ್ಸೂಚನೆಯು ಸಹ ರಾಜ್ಯಗಳು ದಿನವೂ ಪರಸ್ಪರ ಕೊಡುವ ಅಂಕಿಗಳಿಂದಲೇ ಆಗುತ್ತದೆ. ಫಸಲ್ ಬಿಮೆಯ ಒಂದು ಮಾತನ್ನು ಈ ಸಂದರ್ಭದಲ್ಲಿಯೇ ಹೇಳಿಬಿಡುತ್ತೇವೆ: ಮುಂಗಾರಿಯ ಕಾಳಿಗೆ ರೈತನ ಕಂತು ಬಿಮೆಯ ಮೊತ್ತದ ನೂರಕ್ಕೆ ಎರಡು ರೂಪಾಯಿ; ಆಲಿಕಲ್ಲು ಬಿದ್ದಾಗಲೂ ಹೊಲಕ್ಕೆ ನೀರು ನುಗ್ಗಿದಾಗಲೂ 72 ಗಂಟೆಯೊಳಗೆ ತಿಳಿಸಬೇಕು. ಆದಿತ್ಯವಾರ ಬಂತೆಂದು ಸುಮ್ಮನಿದ್ದು ಗಡುವು ಮೀರಿದವರನ್ನು ಕಂಡಿದ್ದೇವೆ.

ಈ ಬರಹವನ್ನು ಮುಗಿಸುವ ಮೊದಲು ಆ ಹಿರಿಯರಿಗೆ ಓದಿ ಹೇಳಿದೆವು. ಅವರು ಕಡೇ ತನಕ ಕೇಳಿ, "ಗಾಯರಾಣದ ಮಾತು ತಿಳಿಯಿತು. ಆದರೆ ನನಗೆ ಪಹಣಿಯಿಲ್ಲ, ಅಯ್ಯನವರೇ. ತೊಗರಿ ಒಣಗಿದರೆ ಹೊಲದ ಗೌಡರ ನಷ್ಟವನ್ನು ಬರೆದುಕೊಳ್ಳುವದಕ್ಕೆ ತಲಾಟಿ ಬರುತ್ತಾನೆ. ರಾಶಿಯ ಕೂಲಿ ತಪ್ಪಿದ್ದು ನನ್ನ ಸೊಸೆಗೆ. ಅದನ್ನು ಯಾರು ಬರೆದುಕೊಳ್ಳುತ್ತಾರೆ?" ಅಂದರು. ನಾವು ಓದಿದ ಕೂಟಗಳ ಪತ್ರಗಳಲ್ಲಿಯಾಗಲಿ ಬಿಮೆಯ ಕಾಗದಗಳಲ್ಲಿಯಾಗಲಿ ಆ ಕೂಲಿಗೆ ಒಂದು ಕಲಮು ಸಿಕ್ಕಿಲ್ಲವೆಂದು ಅವರಿಗೆ ಹೇಳಿದೆವು. ಅವರು, "ಹಾಗಾದರೆ ಅದನ್ನೂ ಬರೆಯಿರಿ" ಅಂದರು, ಬರೆದಿದ್ದೇವೆ. ಮೂವತ್ತೊಂದನೆಯ ಕೂಟವು 2026ರ ನವೆಂಬರಿನಲ್ಲಿ ತುರ್ಕಿ ದೇಶದ ಅಂತಾಲ್ಯ ಪಟ್ಟಣದಲ್ಲಿ ಸೇರತಕ್ಕದ್ದೆಂದು ಬೆಲೆಮಿನಲ್ಲಿ ನಿರ್ಣಯವಾಯಿತು. ನವೆಂಬರೆಂದರೆ ನಮ್ಮ ತೊಗರಿಯು ಹೂವು ಕಾಯಿ ಹಿಡಿದು ನಿಲ್ಲುವ ತಿಂಗಳು.